ಕೆಂಪು ಕಲ್ಲನ್ನು ಬಲಕ್ಕೆ ಬಿಟ್ಟು

ಗುರಪ್ಪ ಕಾಕಾ,

ನಾನು ಸುಮಿ, ನಿಮ್ಮ ಬಾಜೂ ಖೋಲಿಯವಳು. ನೀವು ಹೋಗಿ ಐದು ತಿಂಗಳಾಯಿತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ಇಷ್ಟುದ್ದದ ಪತ್ರ ಬರೆಯುತ್ತಿದ್ದಾಳಲ್ಲ ಎಂದು ನಗಬೇಡಿ. ಬರೆಯುವುದನ್ನು ಕಲಿಸಿದವರು ನೀವೇ, ಅದೂ ಗುಡ್ಡ ಹತ್ತಿಸಿ, ಏದುಸಿರು ಬಿಡಿಸಿ. ನಿಮಗೊಂದು ಸುದ್ದಿ ಹೇಳುವುದಿದೆ. ಮೂರು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ಆದರೆ ದಾರಿಯನ್ನು ನಡುವಿನಿಂದ ಬರೆದರೆ ಯಾರೂ ಮುಟ್ಟಬೇಕಾದಲ್ಲಿ ಮುಟ್ಟುವುದಿಲ್ಲ ಎಂದು ಹೇಳಿದವರೂ ನೀವೇ ತಾನೆ? ಹಾಗಾಗಿ ಭಾಂಡುಪಿನಿಂದಲೇ ಶುರು ಮಾಡುತ್ತೇನೆ.

ನಿಮ್ಮನ್ನು ನಾನು ಸರಿಯಾಗಿ ನೋಡಿದ್ದು ಆ ಜಿಲೇಬಿಯ ದಿನ. ಅಪ್ಪನ ಗಿರಣಿ ಬಂದ್ ಆದಮೇಲೆ ನಾವು ಲಾಲ್‌ಬಾಗ್ ಬಿಟ್ಟು ಭಾಂಡುಪಿನ ಚಾಳಿಗೆ ಬಂದಿದ್ದೆವು. ನನ್ನ ಕನ್ನಡ ಶಾಲೆ ಅಲ್ಲೇ ಉಳಿಯಿತು, ನಾನು ಹೊಲಿಗೆ ಮಶೀನಿನ ಮುಂದೆ ಕುಳಿತೆ. ನಿಮ್ಮ ಕಾರ್ಖಾನೆಯ ಕ್ರೀಡಾ ಮಂಡಳ ಪ್ರತಿ ವರ್ಷ ಸಂಕ್ರಾಂತಿಯ ವಾರ ಗುಡ್ಡದ ಓಟ ಇಡುತ್ತದೆಂದು ಚಾಳಿನವರಿಗೆಲ್ಲ ಗೊತ್ತಿತ್ತು. ಭಾಂಡುಪಿನ ಮೈದಾನದಿಂದ ಹೊರಟು, ಗುಡ್ಡ ಹತ್ತಿ ಇಳಿದು, ಆಚೆ ಮಗ್ಗುಲಿನ ಕನ್ಹೇರಿ ಗವಿಗಳ ಮೆಟ್ಟಿಲ ಬುಡಕ್ಕೆ ಮುಟ್ಟಬೇಕು. ಓಡುವವರ ಎದೆಗೆ ಕಟ್ಟುವ ನಂಬರಿನ ಬಟ್ಟೆ ಹೊಲಿಯುವ ಕೆಲಸ ಆ ವರ್ಷ ನನಗೆ ಬಂತು. ಮಾಂಜರಪಾಟ್ ಬಟ್ಟೆ ಕತ್ತರಿಸಿ, ಅಂಚು ಮಡಿಸಿ, ನಾಲ್ಕು ಮೂಲೆಗೆ ಲಾಡಿ ಹಚ್ಚಿ, ಕಪ್ಪು ಬಣ್ಣದಲ್ಲಿ ಅಂಕಿ ಬರೆದು ತಂದೆ. ಎಲ್ಲವೂ ಕನ್ನಡದ ಅಂಕಿ. ನನ್ನ ಕೈಗೆ ಬರುತ್ತಿದ್ದುದೇ ಅವು. ಮಂಡಳದ ಸೆಕ್ರೆಟರಿ ಪರಬ್ ಸಾಹೇಬರು ಒಂದು ಬಟ್ಟೆಯನ್ನು ಬೆಳಕಿಗೆ ಹಿಡಿದು, "ಹೇ ಕಾಯ್ ಗ, ಜಿಲೇಬ್ಯಾ ಕಾಢಲ್ಯಾಸ್?" ಎಂದರು, ಇದೇನೇ, ಜಿಲೇಬಿ ಬಿಡಿಸಿದ್ದೀಯಾ ಎಂದು. ಎಲ್ಲರೂ ನಕ್ಕರು. ನನಗೆ ಆ ಬಟ್ಟೆಯ ಗಂಟಿನೊಳಗೇ ಹೊಕ್ಕು ಅಡಗಿಕೊಳ್ಳೋಣ ಎನಿಸಿತು. ಆಗ ಮೂಲೆಯಿಂದ ನೀವು, "ಇರಲಿ ಬಿಡ್ರಿ ಸಾಹೇಬ್ರ. ಎದೀಗೆ ಜಿಲೇಬಿ ಕಟ್ಟಿದ್ರ ಹಸದ ಮಂದಿ ಇನ್ನಷ್ಟು ಜೋರ ಓಡ್ತಾರ" ಎಂದಿರಿ. ಇಪ್ಪತ್ತು ವರ್ಷ ನಿಮ್ಮ ಜೊತೆ ದುಡಿದು ಪರಬ್ ಸಾಹೇಬರಿಗೆ ನಮ್ಮ ಮಾತು ತಿಳಿಯುತ್ತದೆ, ಓದಲು ಮಾತ್ರ ಬರುವುದಿಲ್ಲ. ಅವರೂ ನಕ್ಕರು. ಈಗಿನ ನಗು ಬೇರೆಯಾಗಿತ್ತು. ಆವತ್ತಿನಿಂದ ಆ ಓಟದಲ್ಲಿ ಮರಾಠಿಯವರೂ, ಕೊಂಕಣದವರೂ, ಭಯ್ಯಾಗಳೂ ಎದೆಗೆ ಕನ್ನಡದ ಅಂಕಿಯನ್ನೇ ಕಟ್ಟಿಕೊಂಡು ಓಡುತ್ತಾರೆ.

ಅದೇ ಸಂಜೆ ನೀವು ನಮ್ಮ ಬಾಗಿಲಿಗೆ ಬಂದಿರಿ, ಬಗಲಲ್ಲಿ ಎಣ್ಣೆ ಕಲೆಯ ಒಂದು ವಹಿ. ಓಟದ ದಾರಿ ಗೊತ್ತುಮಾಡುವವರು ನೀವು, ಮಳೆಗಾಲ ಮುಗಿದ ಮೇಲೆ ಕೊಚ್ಚಿಹೋದ ದಾರಿ ಎಲ್ಲಿ, ಹೊಸ ದಾರಿ ಎಲ್ಲಿ ಎಂದು ಪ್ರತಿ ವರ್ಷ ನೋಡಿ ಆ ವಹಿಯಲ್ಲಿ ಬರೆದಿಡುವವರು ನೀವು ಎಂದು ನನಗೆ ತಿಳಿದದ್ದು ಆಗಲೇ. ಅದನ್ನು ನೀವು ಮರಾಠಿಯಲ್ಲಿ ಹೇಳಿದರೆ ಪರಬ್ ಸಾಹೇಬರು ಬರೆದುಕೊಂಡು ಪ್ರತಿ ತೆಗೆಸಿ ಓಡುವವರಿಗೆ ಹಂಚುತ್ತಿದ್ದರು. "ನಿನ್ನ ಅಕ್ಷರ ದುಂಡಗ ಅದಾವ. ನನ್ನವು ನೋಡು, ನಟ್ಟು ಬೋಲ್ಟು ಚೆಲ್ಲಿದಂಗ. ಹ್ವಾದ ವರ್ಷದ್ದು ನನಗ ಓದಾಕ ಬರವಲ್ದು. ಇನ್ನ ಮ್ಯಾಲೆ ನಾ ಹೇಳ್ತೀನಿ, ನೀ ಬರಿ." ನಾನು ಪೆನ್ಸಿಲ್ ಹಿಡಿದು ಕುಳಿತೆ. "ಕುಂತಲ್ಲೆ ಬರಿಯೂದಲ್ಲವಾ ಇದು. ನಾಳೆ ಮುಂಜಾನೆ ಚಪ್ಪಲ್ ಬಿಟ್ಟು ಬೂಟ್ ಹಾಕ್ಕೊಂಡು ಬಾ" ಎಂದಿರಿ. ನನ್ನ ಹತ್ತಿರ ಬೂಟು ಎಲ್ಲಿಂದ ಬರಬೇಕು? ನಿಮ್ಮ ಮನೆಯೊಳಗಿಂದ ಕಾಕು ತಮ್ಮ ಅಣ್ಣನ ಮಗನ ಹಳೆಯ ಕ್ಯಾನ್ವಾಸ್ ಬೂಟಿನ ಮುಂದೆ ಅರಿವೆ ತುರುಕಿ ಕೊಟ್ಟರು.

ಅವ್ವ ರಂಪ ಮಾಡಿದ ಮುಂಜಾನೆ ನೆನಪಿದೆಯೇ? "ಹೆಣ್ಣುಡುಗಿ ಗುಡ್ಡಾ ಹತ್ತಿ ಓಡೂದಂದ್ರೇನು? ಯಾರರೆ ಬೆನ್ನ ಹತ್ಯಾರೇನು?" ಎಂದು ನಲ್ಲಿಯ ಸಾಲಿನಲ್ಲಿ ನಿಂತೇ ಕೂಗಿದಳು. ನೀವು ಬೂಟಿನ ಲಾಡಿ ಕಟ್ಟುತ್ತ, "ಯಾರೂ ಬೆನ್ನ ಹತ್ತದಾಗ ಓಡೂದ ಖರೇ ಓಟ, ಅಕ್ಕಾ. ಬೆನ್ನ ಹತ್ತಿದಾಗ ನಾಯೀನೂ ಓಡ್ತೈತಿ" ಎಂದಿರಿ. ಸಾಲಿಗೆ ಸಾಲೇ ನಕ್ಕಿತು. ಕಾಕು ಥರ್ಮಾಸಿನಲ್ಲಿ ಚಹಾ ಹಿಡಿದು ಗುಡ್ಡದ ಬುಡದ ಹುಣಸೆ ಮರದವರೆಗೆ ಬರುತ್ತೇನೆ, ನಾವು ಇಳಿಯುವ ತನಕ ಅಲ್ಲೇ ಕೂತಿರುತ್ತೇನೆ ಎಂದ ಮೇಲೆ ಅವ್ವ ಸುಮ್ಮನಾದಳು. ಮೂರು ವರ್ಷ, ಎಷ್ಟು ರವಿವಾರ, ಕಾಕು ಆ ಹುಣಸೆಯ ಕೆಳಗೆ ಕಾಯ್ದರು? ನಾವು ಓಡಿದೆವು ಎಂದು ಎಲ್ಲರೂ ಹೇಳುತ್ತಾರೆ. ಕಾಯ್ದವರ ಮಾತು ಯಾರೂ...

ಮೊದಲ ಸಲ ನಾನು ಬರೆದದ್ದನ್ನು ನಿಮಗೆ ಓದಿ ಹೇಳಿದಾಗ ನೀವು ಗುಡ್ಡದ ನಡುವೆ ಕುಳಿತುಬಿಟ್ಟಿರಿ. ನಾನು ಬರೆದಿದ್ದೆ: "ದೊಡ್ಡ ಪೈಪ್‌ಲೈನ್ ದಾಟಿ, ಎಮ್ಮೆ ಕಟ್ಟಿದ ಜಾಗದಲ್ಲಿ ಬಲಕ್ಕೆ ತಿರುಗಬೇಕು. ಅಲ್ಲಿಂದ ಗುಡ್ಡ ಬಹಳ ಚೆಂದ ಕಾಣುತ್ತದೆ." ನೀವು ಕೇಳಿದಿರಿ, "ಎಮ್ಮಿ ಮಾರಿದ್ರು ಅಂತ ತಿಳಿ. ನಿನ್ನ ಓಟಗಾರ ಎಲ್ಲಿ ತಿರಗಬೇಕು? ಎಮ್ಮಿ ತಗೊಂಡಾಂವನ ಮನೀಗೆ ಹೋಗಬೇಕೇನು?" ಆಮೇಲೆ, "ಮತ್ತ ಈ ಚೆಂದ ಅಂತ ಬರದೀಯಲ್ಲ, ಚೆಂದ ಎಡಕ್ಕೋ ಬಲಕ್ಕೋ?" ನಾನು ಮುಖ ಕೆಳಗೆ ಹಾಕಿದೆ. ನೀವು ನೀರು ಕುಡಿಸಿ, ಮೆತ್ತಗೆ ಹೇಳಿದಿರಿ: "ಅಳಗ್ಯಾಡೂದು ಬರೀಬ್ಯಾಡ. ಉದರೂದು ಬರೀಬ್ಯಾಡ. ಮೊದಲ ಓಡಾಂವನ ಸಲುವಾಗಂತೂ ಬರೀಲೇಬ್ಯಾಡ, ಅವಗ ಕಾಲ ಅದಾವ. ಕಡೀಕ ಬರಾಂವ ಇರ್ತಾನಲ್ಲ, ದಣದಿರ್ತಾನ, ಮುಂದ ಯಾರೂ ಕಾಣೂದಿಲ್ಲ, ಹಿಂದ ಯಾರೂ ಇಲ್ಲ. ಅವಗ ಬರಿ." ಈಗ ದಾದರಿನ ಕನ್ನಡ ವಾಚನಾಲಯಕ್ಕೆ ಹೋಗಿ ಪುಸ್ತಕ ತರುತ್ತೇನೆ, ಕಾಕಾ. ಅಲ್ಲಿನ ಕೈಬರಹದ ಪತ್ರಿಕೆಗೆ ಒಂದೆರಡು ಬರೆದೂ ಕೊಟ್ಟಿದ್ದೇನೆ. ಬರೆಯುವವರಿಗೆ ಇದಕ್ಕಿಂತ ದೊಡ್ಡ ಮಾತನ್ನು ಯಾರೂ ಹೇಳಿದ್ದನ್ನು ನಾನಿನ್ನೂ ಕೇಳಿಲ್ಲ.

ಗುಡ್ಡದ ನೆತ್ತಿಯಲ್ಲಿ ನಿಂತು ನೀವು ಎರಡೂ ಕಡೆ ತೋರಿಸುತ್ತಿದ್ದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಿಂದೆ ಭಾಂಡುಪಿನ ಚಿಮಣಿಗಳು, ಅರ್ಧಕ್ಕರ್ಧ ಹೊಗೆ ಬಿಡದವು. ಮುಂದೆ ಎರಡು ಕೆರೆಗಳು, ಹಸಿರಿನ ನಡುವೆ. "ಈ ಕಡೆ ನಾವು ದುಡಿಯೂದು, ಆ ಕಡೆ ನಾವು ಕುಡಿಯೂದು" ಎನ್ನುತ್ತಿದ್ದಿರಿ. ಅಲ್ಲಿಂದ ಇಳಿದರೆ ಕನ್ಹೇರಿ. ಕರೀ ಬಂಡೆಯಲ್ಲಿ ಕೊರೆದ ಮೆಟ್ಟಿಲು, ಕಲ್ಲಿನ ಮಂಚ, ಬೇಸಿಗೆಯಲ್ಲೂ ಬತ್ತದ ನೀರಿನ ತೊಟ್ಟಿ. ಸನ್ಯಾಸಿಗಳು ಇದ್ದ ಜಾಗ. ಒಂದು ಗವಿಯ ಗೋಡೆಯಲ್ಲಿ ಕೆತ್ತಿದ ಅಕ್ಷರದ ಮೇಲೆ ಬೆರಳಾಡಿಸಿದಿರಿ. ಅಲ್ಲಿನ ಪಹರೆಯವನು ಇಲ್ಲಿ ರಾಷ್ಟ್ರಕೂಟರ ಕಾಲದ ಬರಹವೂ ಇದೆ ಎಂದು ನಿಮಗೆ ಯಾವಾಗಲೋ ಹೇಳಿದ್ದನಂತೆ. "ನಮ್ಮ ಕಡೀ ಮಂದಿ ಆವಾಗನ ಇಲ್ಲೀತನಕ ಬಂದಾರ ನೋಡವಾ. ಲೋಕಲ್ ಗಾಡಿ ಇಲ್ಲದಾಗ!" ಎಂದು ಎದೆ ಉಬ್ಬಿಸಿದಿರಿ. ಯಾವ ಅಕ್ಷರ ಯಾರದೆಂದು ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆದರೆ ಕೆತ್ತಿದವನು ಕಡೆಯಲ್ಲಿ ಬರುವವನಿಗಾಗಿ ಕೆತ್ತಿದ್ದಾನೆ ಎಂದು ಮಾತ್ರ ಇಬ್ಬರಿಗೂ ಖಾತ್ರಿಯಾಗಿತ್ತು.

ಆ ಮೊದಲ ವರ್ಷ, ಓಟದ ಹಿಂದಿನ ದಿನ, ನೀವು ನನ್ನಿಂದ ಒಂದು ಬಟ್ಟೆ ಹೆಚ್ಚಿಗೆ ಹೊಲಿಸಿಕೊಂಡಿರಿ. "ಇದಕ್ಕ ನಂಬರ್ ಹಾಕಬ್ಯಾಡ" ಎಂದಿರಿ. ದಾರಿ ಹಾಕಿದವನು ಎಲ್ಲರಿಗಿಂತ ಹಿಂದೆ ಓಡಬೇಕು, ಯಾರೂ ಉಳಿದುಹೋಗದಂತೆ ನೋಡಿಕೊಳ್ಳಬೇಕು, ಅವನಿಗೆ ನಂಬರಿಲ್ಲ ಎಂಬುದು ನೀವೇ ಮಾಡಿಕೊಂಡ ಪದ್ಧತಿ. ಕನ್ಹೇರಿಯ ಮೆಟ್ಟಿಲ ಬುಡದಲ್ಲಿ ಬಹುಮಾನ ಹಂಚಿ, ಹಾರ ಹಾಕಿ, ಫೋಟೊ ತೆಗೆದು, ಜನ ಪೊಟ್ಟಣ ಬಿಚ್ಚಿ ತಿನ್ನುತ್ತಿರುವಾಗ, ಯಾವನೋ ಕುಂಟುವವನ ಹೆಗಲಿಗೆ ಕೈ ಕೊಟ್ಟುಕೊಂಡು ನೀವು ಬರುತ್ತಿದ್ದಿರಿ. ನೇರ ಪರಬ್ ಸಾಹೇಬರ ಮುಂದೆ ನಿಂತು ಒಂದೇ ಮಾತು: "ಎಲ್ಲಾರೂ ಮುಟ್ಯಾರ್ರಿ." ಪರಬ್ ಸಾಹೇಬರು ತಲೆಯಾಡಿಸುವರು. ಅಲ್ಲಿಗೆ ಓಟ ಮುಗಿಯಿತು. ಗೆದ್ದವನ ಹೆಸರು ಯಾರಿಗೆ ನೆನಪಿದೆ? ಆ ಮಾತು ನನಗೆ ನೆನಪಿದೆ.

ಈಗ ಹೋದ ವರ್ಷದ ಜನವರಿಗೆ, ಓಟದ ಹಿಂದಿನ ಆ ಶನಿವಾರಕ್ಕೆ ಬರುತ್ತೇನೆ. ಇಲ್ಲಿಯವರೆಗೆ ನಿಧಾನಕ್ಕೆ ಬಂದದ್ದು ಯಾಕೆಂದು ನಿಮಗೆ ಗೊತ್ತು. ನೆತ್ತಿಯ ಆಚೆ ದಾರಿ ಎರಡಾಗುವಲ್ಲಿ ಇದ್ದ ಮರ ಮಳೆಗೆ ಬಿದ್ದಿತ್ತು. ಗುರುತಿಗೆ ಅಲ್ಲಿ ಉಳಿದದ್ದು ಎರಡೂ ದಾರಿಯ ನಡುವಿನ ಒಂದು ಗುಂಡುಕಲ್ಲು, ಸೊಂಟದ ಎತ್ತರದ್ದು. ಬಲಗಡೆಯ ದಾರಿ ಕನ್ಹೇರಿಗೆ, ಎಡಗಡೆಯದು ಕಣಿವೆಗೆ. ಹಾಗಾಗಿ ಹಾಳೆಯಲ್ಲಿ ನಾವು ಬರೆದೆವು: "ಕೆಂಪು ಗುರುತಿನ ಕಲ್ಲನ್ನು ಎಡಗೈಗೆ ಬಿಟ್ಟು ಮುಂದೆ ಹೋಗಬೇಕು." ಕಾರ್ಖಾನೆಯಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಬಳಿಯುವ ಕೇಸರಿಗೆಂಪು ಬಣ್ಣ ಡಬ್ಬಿಯ ತಳದಲ್ಲಿ ಉಳಿದದ್ದನ್ನು ನೀವು ತಂದಿದ್ದಿರಿ. ಆ ದಿನ ನಿಮಗೆ ದಮ್ಮು. ನೆತ್ತಿಯಲ್ಲೇ ಕುಳಿತು, "ನೀ ಹೋಗಿ ಒಂದು ಬಾಣ ಬರದು ಬಾ, ಸಣ್ಣದು" ಎಂದಿರಿ. ನಾನು ಹೋದೆ. ಬಾಣ ಬರೆದೆ. ಕಲ್ಲು ಒರಟು, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬಾಣ ಕಾಣುತ್ತಿರಲಿಲ್ಲ. ಕಡೆಯಲ್ಲಿ ಬರುವವನು ನೆನಪಾದ. ದಣಿದಿರುತ್ತಾನೆ, ಅವನಿಗೆ ದೂರದಿಂದ ಕಾಣಲಿ ಎಂದು... ಡಬ್ಬಿಯಲ್ಲಿದ್ದಷ್ಟೂ ಬಣ್ಣವನ್ನು ಇಡೀ ಕಲ್ಲಿಗೆ ಬಳಿದುಬಿಟ್ಟೆ. ಕೈತುಂಬ, ಮೇಲಿಂದ ಕೆಳಗೆ. ಎಷ್ಟು ಖುಷಿಯಾಗಿತ್ತು ಗೊತ್ತೇ ನನಗೆ? ನಿಮಗೆ "ಬರದೆ" ಎಂದಷ್ಟೇ ಹೇಳಿದೆ. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳಿಗೆ, ಈ ಸೀಮೆಯಲ್ಲಿ ಇಡಿಯಾಗಿ ಸಿಂದೂರ ಹಚ್ಚಿದ ಗುಂಡುಕಲ್ಲು ಎಂದರೆ ಏನೆಂದು ಹೊಳೆಯಬಾರದಿತ್ತೇ?

ಮರುದಿನ ನಾನು ಕನ್ಹೇರಿಯ ಬುಡದಲ್ಲಿ ನಿಂತಿದ್ದೆ, ಮುಟ್ಟಿದವರ ನಂಬರಿನ ಬಟ್ಟೆ ಇಸಿದುಕೊಳ್ಳಲು. ಬಹುಮಾನ ಕೊಡಲು ಹಾರ ಹಿಡಿದು ನಿಂತ ಪಾಹುಣೆ, ಬ್ಯಾಂಡಿನವರು, ಪರಬ್ ಸಾಹೇಬರು. ಹೊತ್ತಾಯಿತು, ಯಾರೂ ಇಲ್ಲ. ಕೊನೆಗೆ ದಾರಿಯ ತಿರುವಿನಲ್ಲಿ ಒಬ್ಬ ಕಂಡ. ಬ್ಯಾಂಡು ಬಾರಿಸಿತು, ಪಾಹುಣೆ ಮುಂದೆ ಹೋಗಿ ಹಾರ ಹಾಕಿಯೇಬಿಟ್ಟರು. ನೀವು! ಎದೆಯ ಮೇಲೆ ನಂಬರಿಲ್ಲದ ಬಟ್ಟೆ, ಅದರ ಮೇಲೆ ಝೆಂಡೂ ಹೂವಿನ ಹಾರ. ಸುತ್ತ ನೋಡಿ, "ಉಳದವರೆಲ್ಲಿ?" ಎಂದು ಕೇಳಿದಿರಿ. ಹಾರ ತೆಗೆಯುವುದನ್ನೂ ಮರೆತು ಹಾಗೇ ತಿರುಗಿ ಗುಡ್ಡದ ಕಡೆ ಓಡಿದಿರಿ. ಕೆಮ್ಮುತ್ತ ಓಡಿದಿರಿ, ಕಾಕಾ. ಹೂ ಉದುರುತ್ತಿತ್ತು.

ಆದದ್ದು ಏನೆಂದು ಮಧ್ಯಾಹ್ನದ ಹೊತ್ತಿಗೆ ತಿಳಿಯಿತು. ಶನಿವಾರ ಸಂಜೆ ಕಟ್ಟಿಗೆ ತರಲು ಹೋದ ಗುಡ್ಡದ ಪಾಡೆಯ, ಅಲ್ಲಿನ ಸಣ್ಣ ಹಾಡಿಯ ಹೆಂಗಸರು ಕೆಂಪು ಕಲ್ಲು ಕಂಡಿದ್ದರು. ಹೂ ಇಟ್ಟು, ತೆಂಗಿನಕಾಯಿ ಒಡೆದು, ಊದುಬತ್ತಿ ಹಚ್ಚಿ ಹೋಗಿದ್ದರು. ಬೆಳಿಗ್ಗೆ ಮುಂದಿದ್ದ ಓಟಗಾರರಿಗೆ ಕಂಡದ್ದು ಗುರುತಲ್ಲ, ದೇವರು. ದೇವರನ್ನು ಎಡಗೈಗೆ ಬಿಟ್ಟು ಹೋಗಲು ಯಾರ ಕಾಲು ಬಂದೀತು? ಪ್ರದಕ್ಷಿಣೆಗೆ ಹೋಗುವಂತೆ ಕಲ್ಲನ್ನು ಬಲಕ್ಕೆ ಬಿಟ್ಟು, ಕೈ ಮುಗಿದು, ಎಡಗಡೆಯ ದಾರಿ ಹಿಡಿದರು. ಹಿಂದಿನವರು ಮುಂದಿನವರ ಬೆನ್ನು ನೋಡಿ ಓಡಿದರು. ಎಲ್ಲರೂ ಕಣಿವೆಯಲ್ಲಿ ಒಂದು ಹಳೆಯ ಕಲ್ಲಿನ ತೊಟ್ಟಿಯ ಹತ್ತಿರ ದಾರಿ ಮುಗಿದು ಕುಳಿತಿದ್ದರಂತೆ. ದಮ್ಮಿನಿಂದ ಎಲ್ಲರಿಗಿಂತ ಬಹಳ ಹಿಂದೆ ಉಳಿದಿದ್ದ ನೀವೂ ದೇವರನ್ನು ನೋಡಿದಿರಿ, ಕೈಯನ್ನೂ ಮುಗಿದಿರಿ, ಆದರೆ ನಿಮ್ಮ ಕಾಲಿಗೆ ದಾರಿ ಗೊತ್ತಿತ್ತು. ಹಾಗಾಗಿ ಕಡೆಯವರು ಮೊದಲು ಬಂದಿರಿ. ಒಬ್ಬೊಬ್ಬರನ್ನೇ ನೀವು ತಿರುಗಿ ಕರೆತರುವಷ್ಟರಲ್ಲಿ ಪಾಹುಣೆ ಹೋಗಿದ್ದರು, ಮಂಟಪದ ಬಿದಿರು ಬಿಚ್ಚುತ್ತಿದ್ದರು. ಪರಬ್ ಸಾಹೇಬರು ನಿಮ್ಮ ಮಾತಿಗೆ ಕಾಯಲಿಲ್ಲ. "ದಗಡಾಲಾ ಶೇಂದೂರ್ ಕೋಣೀ ಫಾಸಲಾ?" ಕಲ್ಲಿಗೆ ಸಿಂದೂರ ಬಳಿದವರು ಯಾರು ಎಂದು ಎಲ್ಲರೆದುರು ಕಿರುಚಿದರು.

ನೀವು "ಮೀಚ್, ಸಾಹೇಬ್" ಎಂದಿರಿ. ನಾನೇ ಎಂದಿರಿ. ನಾನು ನಿಮ್ಮಿಂದ ಮೂರು ಮಾರು ದೂರ ಬಟ್ಟೆಯ ಗಂಟು ಹಿಡಿದು ನಿಂತಿದ್ದೆ. ನನ್ನ ಉಗುರಿನ ಸಂದಿಯಲ್ಲಿ ಆ ಬಣ್ಣ ಇನ್ನೂ ಹೋಗಿರಲಿಲ್ಲ. ಬಾಯಿ ತೆರೆದೆ. ಅಷ್ಟು ಗಂಡಸರು, ಅಷ್ಟು ಕಣ್ಣು. ಬಾಯಿ ಮುಚ್ಚಿದೆ. ಮುಂದಿನ ವರ್ಷದಿಂದ ದಾರಿಯ ಕೆಲಸ ಗುರಪ್ಪನಿಗೆ ಬೇಡ ಎಂದು ಅಲ್ಲೇ ತೀರ್ಮಾನವಾಯಿತು. "ಎಲ್ಲಾರೂ ಮುಟ್ಯಾರ್ರಿ" ಎಂಬ ಮಾತು ನಿಮ್ಮ ಬಾಯಲ್ಲೇ ಉಳಿಯಿತು.

ತಿರುಗಿ ಬರುವಾಗ ನೀವು ನನ್ನನ್ನು ಕೇಳಿದ್ದು ಇಷ್ಟೇ. "ಇಡೀ ಕಲ್ಲಿಗೆ ಬಳದ್ಯೇನ?"

"ಹೂಂ."

"ಯಾಕ?"

"ದೂರಿಂದ ಕಾಣಲಿ ಅಂತ."

ಕೆಮ್ಮಿನ ನಡುವೆ ನಿಮಗೆ ನಗು ತಡೆಯಲಾಗಲಿಲ್ಲ. "ಕಂಡ್ತು ಬಿಡವಾ. ದೇವರಿಗೂ ಕಂಡ್ತು, ಬಂದು ಕುಂತ."

ಆಮೇಲಿನ ತಿಂಗಳುಗಳನ್ನು ಹೇಗೆ ಬರೆಯಲಿ? ಚಾಳಿನಲ್ಲಿ, ಕ್ಯಾಂಟೀನಿನಲ್ಲಿ, ಸ್ಟೇಶನ್ನಿನಲ್ಲಿ ಒಂದೇ ಮಾತು. "ಗುರಪ್ಪಣ್ಣಾ, ಟಿಕೆಟ್ ಖಿಡಕಿ ಯಾಕಡೆ? ಬಲಕ್ಕೋ ಎಡಕ್ಕೋ?" ನೀವು "ನೀ ಎತ್ತ ಹ್ವಾದ್ರೂ ಗಾಡಿ ತಪ್ಪತೈತಿ, ನಡಿ" ಎಂದು ತಿರುಗಿ ಹೇಳುತ್ತಿದ್ದಿರಿ. ನಗುತ್ತಿದ್ದಿರಿ. ಆದರೆ ರವಿವಾರ ಕಾಕು ಥರ್ಮಾಸು ತೊಳೆದಿಟ್ಟರೂ ನೀವು ಬೂಟಿನ ಕಡೆ ನೋಡುತ್ತಿರಲಿಲ್ಲ. ಮಳೆ ಹಿಡಿದಾಗ ದಮ್ಮು ಹೆಚ್ಚಾಯಿತು. ನಾನು ಒಂದು ಮಧ್ಯಾಹ್ನ ನಿಮ್ಮ ಹಾಸಿಗೆಯ ಹತ್ತಿರ ಕುಳಿತು, "ಕಾಕಾ, ನಾ ಪರಬ್ ಸಾಹೇಬ್ರಿಗೆ ಹೇಳ್ತೀನ್ರಿ" ಎಂದೆ. "ಏನಂತ ಹೇಳ್ತಿ? ಹೇಳಿ ತೋರಸು ನೋಡೋಣ" ಎಂದಿರಿ. ನನಗೆ ನಿಮ್ಮ ಮುಂದೆಯೇ ಮಾತು ಹೊರಡಲಿಲ್ಲ. ನೀವು ನನ್ನ ಕೈ ತಟ್ಟಿ, "ಬಾಯಿಲೆ ಆಗದಿದ್ರ ಬರಿ. ಅವಸರ ಇಲ್ಲ. ಕಡೀಕ ಬಂದ್ರೂ ಮುಟ್ಟಿದಂಗನ" ಎಂದಿರಿ. ಹದಿನೈದು ದಿನಕ್ಕೆ ನೀವು...

ದೀಪಾವಳಿ ಕಳೆದ ಮೇಲೆ ಕಾಕು ನಿಮ್ಮ ವಹಿಯನ್ನು ನನ್ನ ಮಡಿಲಿಗೆ ಹಾಕಿದರು. ಮರುದಿನವೇ ನಾನೂ ಕಾಕುವೂ ಗುಡ್ಡ ಹತ್ತಿದೆವು. ಈ ಸಲ ಕಾಕು ಹುಣಸೆಯ ಕೆಳಗೆ ಕೂರಲಿಲ್ಲ, ಸೆರಗು ಬಿಗಿದು ನನ್ನ ಜೊತೆಯೇ ಬಂದರು. ಕಲ್ಲಿನ ಹತ್ತಿರ ಪಾಡೆಯ ಮುದುಕಿ, ಸೋನು ಆಜಿ, ಒಣಗಿದ ಹೂ ತೆಗೆದು ಹೊಸದು ಇಡುತ್ತಿದ್ದಳು. ಅವಳಿಗೆ ನಮ್ಮ ಗುರುತಿಲ್ಲ. ಇದು ಯಾವ ದೇವರು ಎಂದು ಕೇಳಿದೆ. "ವಾಟಾಡ್ಯಾ" ಎಂದಳು. ವಾಟಾಡ್ಯಾ ಎಂದರೆ ದಾರಿ ತೋರಿಸುವವನು, ಕಾಕಾ. ಮೊದಲೆಲ್ಲ ದನ ಮೇಯಿಸುವ ಮಕ್ಕಳು ಮಂಜಿನಲ್ಲಿ ಈ ಕವಲು ತಪ್ಪುತ್ತಿದ್ದರಂತೆ. ಈಗ ಕೆಂಪಗೆ ದೂರದಿಂದಲೇ ಕಾಣುತ್ತಾನಂತೆ. ಹೊಸಬರ ಮುಂದೆ ಹೇಳುವುದು ಸುಲಭವೋ ಏನೋ, ನಾನು ಹೇಳಿಬಿಟ್ಟೆ: ಆಜಿ, ಇದಕ್ಕೆ ಬಣ್ಣ ಬಳಿದದ್ದು ನಾನು, ಇದು ದೇವರಲ್ಲ, ಓಟದ ಗುರುತು. ಆಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ರಂಗ್ ತೂ ಲಾವಲಾಸ್. ದೇವ್ ಆಮ್ಹೀ ಕೇಲಾ." ಬಣ್ಣ ನೀನು ಹಚ್ಚಿದೆ, ದೇವರನ್ನು ಮಾಡಿದ್ದು ನಾವು ಎಂದಳು. ಕಾಕು ಕೈ ಮುಗಿದರು. ನಾನೂ ಮುಗಿದೆ.

ಆಜಿಯೇ ನಮ್ಮನ್ನು ಎಡಗಡೆಯ ದಾರಿಯಲ್ಲಿ ಆ ತೊಟ್ಟಿಗೆ ಕರೆದೊಯ್ದಳು. ಆವತ್ತು ಓಟಗಾರರನ್ನು ಕರೆತರಲು ನೀವು ಹೋದದ್ದು ಬಿಟ್ಟರೆ, ದಾರಿ ನೋಡಲೆಂದು ನೀವೂ ನಾನೂ ಒಮ್ಮೆಯೂ ಇಳಿದಿರದ ಜಾಗ. ತೊಟ್ಟಿಯ ಹಿಂದೆ ಎದೆಯೆತ್ತರದ ಹುಲ್ಲು. ಆಜಿ ಕೋಲಿನಿಂದ ಹುಲ್ಲು ಬಗ್ಗಿಸಿದಳು. ಮೆಟ್ಟಿಲು, ಕಾಕಾ! ಬಂಡೆಯಲ್ಲೇ ಕೊರೆದದ್ದು, ನಡುವೆ ಸವೆದದ್ದು. ಒಂದೊಂದಾಗಿ ಹತ್ತಿದೆವು. ಹೋಗಿ ಮುಟ್ಟಿದ್ದು ಕನ್ಹೇರಿಯ ಮೇಲಿನ ಗವಿಗಳ ಹಿಂಬದಿಗೆ. ಅಲ್ಲಿಂದ ಇಳಿದರೆ ಓಟ ಮುಗಿಯುವ ಮೆಟ್ಟಿಲ ಬುಡ. ಆವತ್ತು ಎಲ್ಲರೂ ಕುಳಿತುಬಿಟ್ಟಿದ್ದರಲ್ಲ, ದಾರಿ ಮುಗಿಯಿತೆಂದು? ಮುಗಿದಿರಲಿಲ್ಲ. ಹುಲ್ಲಿತ್ತು, ಅಷ್ಟೇ.

ಡಿಸೆಂಬರಿನಲ್ಲಿ ಪರಬ್ ಸಾಹೇಬರು ಚಾಳಿಗೆ ಬಂದರು. ಗುಡ್ಡದ ದಾರಿ ತಿಳಿದವರು ಯಾರೂ ಇಲ್ಲವೆಂದು ಈ ವರ್ಷದ ಓಟವನ್ನು ಹೈವೇ ಮೇಲೆ ಇಡುವ ಮಾತಾಗಿತ್ತು. ನಿಮ್ಮ ವಹಿ ಸಿಕ್ಕರೆ ಗುಡ್ಡದಲ್ಲೇ ಆದೀತು ಎಂದರು. ನಾನು ಹೊಸ ದಾರಿಯ ಹಾಳೆ ಕೊಟ್ಟೆ. ಅದರ ಜೊತೆ ಇನ್ನೊಂದು ಹಾಳೆ, ನಾಲ್ಕು ಸಲ ಹರಿದು ಐದನೆಯ ಸಲ ಬರೆದದ್ದು. ಅವರು ತಿರುಗಿಸಿ ಮುರುಗಿಸಿ ನೋಡಿ, "ಜಿಲೇಬಿ ಹೈ ಯೇ ತೋ. ವಾಚೂನ್ ದಾಖವ್" ಎಂದರು. ಓದಿ ತೋರಿಸು ಎಂದರು. ಕಾಕು ಒಳಗಿನಿಂದ, "ಇಲ್ಲೆ ಯಾಕ? ಅಂವ ಎಲ್ಲಾರ ಮುಂದ ಬೈಸ್ಕೊಂಡಾನ, ಎಲ್ಲಾರ ಮುಂದ ಓದಲಿ" ಎಂದರು. ಪರಬ್ ಸಾಹೇಬರು ಹೂಂ ಎಂದು ಆ ಹಾಳೆಯನ್ನು ನನಗೇ ತಿರುಗಿ ಕೊಟ್ಟರು.

ಮೊನ್ನೆ ರವಿವಾರ, ಮೈದಾನದಲ್ಲಿ, ಓಟಕ್ಕೆ ಮೊದಲು ಮೈಕು ನನ್ನ ಕೈಗೆ ಬಂತು. ನಾನು ಒಂದು ಸಾಲು ಓದುವುದು, ಪರಬ್ ಸಾಹೇಬರು ಅದನ್ನು ಮರಾಠಿಯಲ್ಲಿ ಹೇಳುವುದು ಎಂದಾಗಿತ್ತು. "ಹೋದ ವರ್ಷ ಕಲ್ಲಿಗೆ ಬಣ್ಣ ಬಳಿದವಳು ನಾನು. ಗುರಪ್ಪ ಕಾಕಾ ಹೇಳಿದ್ದು ಸಣ್ಣ ಬಾಣ. ಅವರು ತಮ್ಮ ಮೇಲೆ ಹಾಕಿಕೊಂಡರು. ನಾನು ಅಲ್ಲೇ ನಿಂತಿದ್ದೆ, ಸುಮ್ಮನಿದ್ದೆ. ಅವರು ಇಷ್ಟು ವರ್ಷದಲ್ಲಿ ಒಬ್ಬರನ್ನೂ ದಾರಿ ತಪ್ಪಿಸಿದವರಲ್ಲ." ಮೂರನೆಯ ಸಾಲಿಗೆ ಪರಬ್ ಸಾಹೇಬರು ನಿಂತುಬಿಟ್ಟರು. ಮೈಕಿನಲ್ಲಿ ಅವರ ಉಸಿರು ಕೇಳುತ್ತಿತ್ತು. ಆಮೇಲೆ ಹೇಳಿದರು, ಪೂರ್ತಿ ಹೇಳಿದರು. ಕೊನೆಗೆ ನನ್ನ ಹಾಳೆಯಲ್ಲಿ ಇಲ್ಲದ್ದೊಂದನ್ನೂ ಸೇರಿಸಿದರು: ತಪ್ಪಿದ್ದು ತಮ್ಮ ನಾಲಿಗೆ ಎಂದು. ಹಿಂದಿನಿಂದ ಯಾರೋ, "ಅರೇ, ಜಿಲೇಬಿವಾಲೀ ಬೋಲಲೀ!" ಎಂದು ಕೂಗಿದರು, ಜಿಲೇಬಿಯವಳು ಮಾತಾಡಿದಳು ಎಂದು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮೈಕನ್ನು ಅವರ ಕೈಗೆ ತುರುಕಿ ಓಡಿದೆ. ಓಟ ಇನ್ನೂ ಶುರುವಾಗಿರಲಿಲ್ಲ!

ಈ ವರ್ಷದ ಹಾಳೆಯಲ್ಲಿ ನಾನು ಬರೆದದ್ದು ಹೀಗೆ: "ಕೆಂಪು ಕಲ್ಲನ್ನು ಬಲಕ್ಕೆ ಬಿಟ್ಟು, ಇಳಿದು, ಕಲ್ಲಿನ ತೊಟ್ಟಿಯ ಹಿಂದಿನ ಮೆಟ್ಟಿಲು ಹತ್ತಬೇಕು." ಎಮ್ಮೆ ಇಲ್ಲ, ಹೂವಿಲ್ಲ, ಚೆಂದ ಎಂಬ ಮಾತಿಲ್ಲ. ಪಂಜಾಬಿ ಡ್ರೆಸ್ಸಿನ ಮೇಲೆ ನಿಮ್ಮ ನಂಬರಿಲ್ಲದ ಬಟ್ಟೆ ಕಟ್ಟಿಕೊಂಡು ಎಲ್ಲರಿಗಿಂತ ಹಿಂದೆ ಓಡಿದೆ. ಕಲ್ಲಿನ ಹತ್ತಿರ ಆಜಿ ಎಲ್ಲರಿಗೂ ಬೆಲ್ಲ ಕೊಡುತ್ತಿದ್ದಳು. ಓಡುವವರು ಕೈ ಮುಗಿದು, ಬೆಲ್ಲ ಬಾಯಿಗೆ ಹಾಕಿಕೊಂಡು, ಕಾಲು ಎತ್ತ ಹೋಗಬೇಕೆಂದಿತ್ತೋ ಅತ್ತಲೇ ಹೋದರು. ಮೆಟ್ಟಿಲಿನಲ್ಲಿ ಒಬ್ಬ ಹೊಸ ಹುಡುಗ ಹೊಟ್ಟೆ ಹಿಡಿದು ಕುಳಿತಿದ್ದ, ಅವನ ಹೆಗಲಿಗೆ ಕೈ ಕೊಟ್ಟೆ.

ಕೆಳಗೆ ಬಹುಮಾನ ಹಂಚಿ ಆಗಿತ್ತು. ಜನ ಪೊಟ್ಟಣ ಬಿಚ್ಚಿದ್ದರು. ನಾನು ಬಟ್ಟೆಗಳನ್ನು ಎಣಿಸಿದೆ, ಮತ್ತೊಮ್ಮೆ ಎಣಿಸಿದೆ. ಹೋಗಿ ಪರಬ್ ಸಾಹೇಬರ ಮುಂದೆ ನಿಂತೆ. ಅವರು ತಿನ್ನುತ್ತಿದ್ದುದನ್ನು ಕೆಳಗಿಟ್ಟು ಎದ್ದು ನಿಂತರು, ಕಾಯ್ದರು. ಅಲ್ಲಿ ಹೇಳಿದ ಮಾತನ್ನು ಈಗ ನಿಮಗೂ ಹೇಳುತ್ತೇನೆ. ಹೋದ ವರ್ಷದ್ದೂ ಇದರಲ್ಲೇ ಸೇರಿದೆ.

ಎಲ್ಲಾರೂ ಮುಟ್ಯಾರ್ರಿ, ಕಾಕಾ.

ನಿಮ್ಮ
ಸುಮಿ